ಹಸಿರು ಚುಕ್ಕೆಯ ಬಾಣಂತಿ

ಗೋಡೆಯಗಲದ ಪರದೆಯ ಮೇಲೆ ಎಂಟುನೂರು ಹಸಿರು ಚುಕ್ಕೆಗಳು ಮಿನುಗುತ್ತಿದ್ದವು. ಒಂದೊಂದು ಚುಕ್ಕೆಯೂ ಯಾವುದೋ ಊರಿನಲ್ಲಿ ಒತ್ತಡಬಳೆ ತೊಟ್ಟ ಒಬ್ಬ ಬಾಣಂತಿ. ಬಳೆಯೊಳಗಿನ ಬೆಳಕಿನ ಎಳೆ ನಾಡಿಯನ್ನು ಓದಿ ರಕ್ತದೊತ್ತಡವನ್ನು ಆಸ್ಪತ್ರೆಗೆ ತಿಳಿಸುತ್ತಿತ್ತು. ಒತ್ತಡ ಏರಿದರೆ ಬಳೆ ಕೆಂಪಾಗಿ ಕೂಗುತ್ತಿತ್ತು. ಕೈಯಿಂದ ತೆಗೆದರೂ ಕೂಗುತ್ತಿತ್ತು.

“ಹೆರಿಗೆಯಾದರೆ ಬಸಿರಿನಲ್ಲಿ ರಕ್ತದೊತ್ತಡ ಏರಿಸುವ ಗರ್ಭನಂಜು ಮುಗಿಯಿತೆಂದು ಜನ ತಿಳಿಯುತ್ತಾರೆ,” ಎಂದು ಬಳೆಯ ಜನಕ ಡಾ. ಹಂಪಿಹೊಳಿ ಅತಿಥಿಗಳಿಗೆ ವಿವರಿಸಿದರು. “ಆರು ವಾರದವರೆಗೂ ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತ ಒಸರಬಹುದು. ಇನ್ನು ಆ ಚಿಂತೆಯಿಲ್ಲ. ಈ ಸಾವಂತ್ರಿಯನ್ನೇ ನೋಡಿ. ಹೆರಿಗೆಯಾಗಿ ಆರನೆಯ ದಿನ, ನೂರಾಹತ್ತಕ್ಕೆ ಎಪ್ಪತ್ತು!”

ಹಿಂದೆ ನಿಂತಿದ್ದ ನರ್ಸ್ ಖೈರುನ್ನಿಸಾಗೆ ಮೈ ಉರಿಯಿತು. ಮಾತ್ರೆ ನುಂಗಿದರೂ ಒತ್ತಡ ನೂರೈವತ್ತರ ಕೆಳಗೆ ಇಳಿಯದ ಇದೇ ಹುಡುಗಿಯನ್ನು ಬಳೆಯ ಭರವಸೆಯ ಮೇಲೆ ಮೂರನೇ ದಿನವೇ ಮನೆಗೆ ಕಳಿಸಿದ್ದ ಮಹಾಶಯರು ಇವರೇ. ಒಲೆ ಆರಿಸಿದ ಕೂಡಲೇ ಇಳಿಯಲು ಅದೇನು ಹಾಲಿನ ಉಕ್ಕೇ?

“ಸಾಹೇಬ್ರ, ಈಗಷ್ಟ ಅಕಿಗೆ ಫೋನ್ ಮಾಡಿದ್ದೆ. ಮೂರು ದಿನದಿಂದ ತಲಿ ಸಿಡೀತೈತಿ, ಕಣ್ಣಾಗ ಮಿಂಚು ಹೊಡೀತೈತಿ ಅಂತಾಳ.”

“ಬಾಣಂತಿಗೆ ನಿದ್ದೆ ಕಡಿಮೆ, ತಲೆನೋವು ಇರೋದೇ. ಬಳೆ ಸುಳ್ಳು ಹೇಳಲ್ಲ, ಸಿಸ್ಟರ್.”

“ನೀವು ಬಳಿನ್ನ ಕೇಳ್ರಿ. ನಾ ಬಾಣಂತಿನ್ನ ಕೇಳ್ತೀನಿ,” ಎಂದವಳೇ ಆಂಬುಲೆನ್ಸ್ ಹತ್ತಿದಳು.

ಮನೆಯಲ್ಲಿ ಸಾವಂತ್ರಿ ಹೊರಸಿನ ಮೇಲೆ ಮೈ ಸೆಟೆದು ಅದುರುತ್ತಿದ್ದಳು. ಹೊರಸಿನ ಕೆಳಗೆ ಬಾಣಂತಿಗೆಂದು ಇಟ್ಟ ಕೆಂಡ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಅಳುತ್ತಿದ್ದ ತಂಗಿಯ ಕೈಯಲ್ಲಿ ಬಳೆ ಹಸಿರಾಗಿ ಹೊಳೆಯುತ್ತಿತ್ತು. ಖೈರುನ್ನಿಸಾ ಸಾವಂತ್ರಿಯನ್ನು ಮಗ್ಗುಲಿಗೆ ಹೊರಳಿಸಿ ಫಿಟ್ಸ್ ನಿಲ್ಲಿಸುವ ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟಳು. ಹಳೆಯ ತೋಳುಪಟ್ಟಿ ಸುತ್ತಿ ಗಾಳಿ ತುಂಬಿದರೆ ನೂರಾತೊಂಬತ್ತಕ್ಕೆ ನೂರಾಇಪ್ಪತ್ತು.

“ಎಣ್ಣಿ-ನೀರು ಹಾಕೋವಾಗ ತೆಗದ್ರ ಒದರ್ತಿತ್ರಿ, ಅದಕ್ಕ ತಂಗಿ ಕೈಗೆ ಹಾಕಿದ್ವಿ,” ತಾಯಿ ಹೇಳಿದಳು. “ದವಾಖಾನ್ಯಾಗ ಇಕಿ ಕೈಯಾಗ ಕೆಂಪಾಗಿ ಕೂಸಿನ್ನ ಎಬ್ಬಸ್ತಿತ್ತು. ತಂಗಿ ಕೈಯಾಗ ಸುಮ್ಮನಾತು. ತಲಿನೋವು ಅಂದಾಗೆಲ್ಲ ನಾವೂ ಬಳಿನ್ನ ನೋಡಿದ್ವಿ. ಹಸಿರಿತ್ತು.”

ಜೀವ ಉಳಿಯಿತು. ಅದಾದ ಮೂರನೇ ದಿನ ಡಾ. ಹಂಪಿಹೊಳಿ ವಾರ್ಡಿಗೆ ಬಂದು, “ಬಳೆಯ ಓದಿನಲ್ಲಿ ಒಂದೂ ತಪ್ಪಿಲ್ಲ. ಮುಂದಿನ ಬಳೆಗೆ ಬೀಗ ಇಡೋಣ,” ಎಂದರು.

“ಇಡ್ರಿ,” ಎಂದಳು ಖೈರುನ್ನಿಸಾ. “ಅದರ ಜೋಡಿ ನಿಮ್ಮ ಕಿವಿಗೂ ಒಂದು ಕೀಲಿಕೈ ಮಾಡಿಸ್ರಿ. ಮುಚ್ಚಿ ಭಾಳ ದಿನ ಆತು.”

ಆಮೇಲೆ ಸಾವಂತ್ರಿಯ ಹತ್ತಿರ ಕುಳಿತು ತಲೆ ಸವರಿದಳು. “ಹೆಂಗದೀಯವ್ವಾ?”

ಸಾವಂತ್ರಿ ಬಾಯಿ ತೆರೆದು ತಡೆದಳು. ಉತ್ತರ ಹೇಳುವ ಮೊದಲು ತನ್ನ ಬರಿಯ ಮಣಿಕಟ್ಟನ್ನು ನೋಡಿಕೊಂಡಳು.