ಲುಂಗಾ ದ್ವೀಪದ ಅಂಚಿನಲ್ಲಿ

'ಚಟಾರ್!'

ಸ್ಫೂರ್ತಿಯ ಕೈ ಆ ಅಪರಿಚಿತನ ಕೆನ್ನೆಗೆ ಬಿದ್ದ ಸದ್ದಿಗೆ ಕಡಲ ಹಕ್ಕಿಗಳು ಪುರ್ರನೆ ಹಾರಿದವು.

"ಕೊಡ್ರೀ ಇಲ್ಲಿ! ನಾಚಿಕಿ ಇಲ್ಲೇನು?"

ಅವನ ಮುಷ್ಟಿಯಲ್ಲಿ ಅವಳ ಬೆಳ್ಳಿ ಕರಡಿಗೆಯಿತ್ತು. ಅದರೊಳಗೆ, ಅವಳ ಎದೆ ಬಿಟ್ಟು ಎಂದೂ ಕದಲದ ಇಷ್ಟಲಿಂಗ! ಹರಿದ ಶಿವದಾರ ಗಾಳಿಗೆ ತೂಗಾಡುತ್ತಿತ್ತು. ಲಿಂಗ ಮೈಯಿಂದ ಬೇರೆಯಾದರೆ ಜೀವವೇ ಬೇರೆಯಾದಂತೆ ಎಂದು ತಾಯಿ ಬಸಲಿಂಗವ್ವ ಹೇಳಿಕೊಟ್ಟಿದ್ದರು. ಅಂಥದ್ದನ್ನು ಯಾರೋ ಒಬ್ಬ ಹಿಂದಿನಿಂದ ಬಂದು ಕಿತ್ತುಕೊಂಡರೆ?

"ಅಯ್ಯೋ, ಕಿತ್ಕೊಂಡಿಲ್ಲ ರೀ... ನೀವು ನಿಂತಿದ್ದ ಜಾಗ..."

ಮಾತು ಮುಗಿಸಲು ವೀರಭದ್ರ ಬಿಡಬೇಕಲ್ಲ! ಅವನು ಸ್ಫೂರ್ತಿಯ ಅಣ್ಣ. ಲಂಡನ್ನಿನ ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಹೊರೆ ಎತ್ತಿ ಗಟ್ಟಿಯಾದ ತೋಳು, ಸಿಟ್ಟಂತೂ ಸದಾ ಮೂಗಿನ ತುದಿಯಲ್ಲೇ.

"ನನ್ನ ತಂಗಿ ಲಿಂಗಕ್ಕ ಕೈ ಹಾಕ್ತೀಯೇನಲೇ!"

ಮೊದಲ ಗುದ್ದಿಗೆ ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯದಕ್ಕೆ ಅವನು ನೆಲಕ್ಕುರುಳಿದ. ಆಮೇಲೆ ಬೂಟುಗಾಲು... ಪಕ್ಕೆಗೆ, ಮತ್ತೆ ಪಕ್ಕೆಗೆ. ಸ್ಕಾಟ್ಲೆಂಡಿನ ಕರಾವಳಿ ನೋಡೋಣವೆಂದು ಲಂಡನ್ನಿನಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಓಬನ್ ಬಂದರಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಈ ಮೂವರ ಜೊತೆಗೇ ದ್ವೀಪಕ್ಕಿಳಿದ ಕನ್ನಡದ ಮಂದಿ ದೂರದಲ್ಲೇ ಕಲ್ಲಾಗಿ ನಿಂತರು. ಒಬ್ಬರಿಗೂ ಹತ್ತಿರ ಹೋಗುವ ಧೈರ್ಯವಿಲ್ಲ.

ಕರಡಿಗೆ ಅವನ ಕೈಯಿಂದ ಜಾರಿ ಪಕ್ಕದ ಇಳಿಜಾರಿಗೆ ಉರುಳಿತ್ತು. ಅದನ್ನೆತ್ತಿಕೊಳ್ಳಲು ಬಗ್ಗಿದ ಸ್ಫೂರ್ತಿ, ತಾನು ಈಗಷ್ಟೇ ಫೋಟೋ ತೆಗೆಯುತ್ತ ನಿಂತಿದ್ದ ಜಾಗವನ್ನು ಮೊದಲ ಬಾರಿಗೆ ಪಕ್ಕದಿಂದ ನೋಡಿದಳು.

ಹಸಿರು ಹುಲ್ಲಿನ ಕೆಳಗೆ ಮಣ್ಣೇ ಇರಲಿಲ್ಲ! ಬರೀ ಗಾಳಿ. ಕೆಳಗೆ, ಎಷ್ಟೋ ಕೆಳಗೆ, ಕರಿಬಂಡೆಗೆ ಅಪ್ಪಳಿಸುವ ಅಲೆಗಳು.

'ಶಿವನೇ... ಇವರು ನನ್ನನ್ನು ಎಳೆದದ್ದು ಉಳಿಸಲಿಕ್ಕೆ! ಕೈಗೆ ಸಿಕ್ಕದ್ದು ಶಿವದಾರ...'

"ಅಣ್ಣಾ, ಬಿಡು! ಅವರದೇನೂ ತಪ್ಪಿಲ್ಲ! ಸಾಯ್ತಾರ ಅವರು!"

ವೀರಭದ್ರನಿಗೆ ಕಿವಿಯೇ ಇರಲಿಲ್ಲ. ಅವಳು ಓಡಿ ಬಂದು ಆ ಅಪರಿಚಿತನ ಮೇಲೆ ಅಡ್ಡ ಬಿದ್ದಳು. ಅವನಿಗೆಂದು ಬೀಸಿದ ಒದೆ ಅವಳ ಬೆನ್ನಿಗೆ ಬಿತ್ತು. ಆಗ ನಿಂತಿತು ಆ ಕಾಲು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆ ಅಪರಿಚಿತನ ಮೂರು ಪಕ್ಕೆಲುಬು ಮುರಿದಿದ್ದವು. ವೀರಭದ್ರನ ಮೇಲೆ ಪೊಲೀಸ್ ಕೇಸಾಯಿತು. ಪೆಟ್ಟು ತಿಂದವನ ಹೆಸರು ಶಿಶಿರ್, ಬೆಂಗಳೂರಿನವನು, ಲಂಡನ್ನಿನದೇ ಎಜ್‌ವೇರ್‌ನಲ್ಲಿ ಒಬ್ಬನೇ ಇರುತ್ತಾನೆ ಎಂಬುದು ಅವಳಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಲಂಡನ್ನಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ, ಅಣ್ಣನಿಗೆ ಹೇಳದೆ, ಬಿಸಿ ರೊಟ್ಟಿ ಎಣ್ಣೆಗಾಯಿ ಕಟ್ಟಿಕೊಂಡು ಅವಳು ಎಜ್‌ವೇರ್‌ಗೆ ಹೋದಳು. ಮೊದಲ ವಾರ ಬರೀ ಕ್ಷಮೆ ಕೇಳಿದಳು. ಎರಡನೇ ವಾರ ಅವನು ನಕ್ಕ, ಪಕ್ಕೆ ಹಿಡಿದುಕೊಂಡು! ನಾಲ್ಕನೇ ವಾರದ ಹೊತ್ತಿಗೆ ಹುಡುಗಿ ಶನಿವಾರದಿಂದಲೇ ಗಡಿಯಾರ ನೋಡತೊಡಗಿದ್ದಳು.

ಆರನೇ ಭಾನುವಾರ ಶಿಶಿರ್ ತಟ್ಟೆ ಪಕ್ಕಕ್ಕಿಟ್ಟ.

"ಸ್ಫೂರ್ತಿ, ನಾನು ಕೇಸ್ ವಾಪಸ್ ತಗೋತೀನಿ. ಇನ್ಮೇಲೆ ನೀವು ಇಷ್ಟು ಕಷ್ಟಪಡಬೇಡಿ."

"ಯಾವ ಕಷ್ಟ?"

"ಅಣ್ಣನ್ನ ಉಳಿಸೋಕೇ ತಾನೇ ಬರ್ತಿರೋದು? ಪರವಾಗಿಲ್ಲ... ನಂಗೆ ಅರ್ಥ ಆಗುತ್ತೆ."

'ಆರು ವಾರ ನನ್ನ ಕಣ್ಣಲ್ಲಿ ಇಷ್ಟೇ ಕಂಡಿತೇ ಇವರಿಗೆ?' ಹೇಳಿದರೆ ನಂಬುತ್ತಾರೆಯೇ? ಅವಳು ಖಾಲಿ ಡಬ್ಬಿ ಎತ್ತಿಕೊಂಡು ಎದ್ದು ಬಂದುಬಿಟ್ಟಳು.

ಮರುದಿನ ಅವಳು ಪೊಲೀಸರಿಗೆ ಹೇಳಿಕೆ ಕೊಡಬೇಕಿತ್ತು. ವೀರಭದ್ರ ಮನೆಯಲ್ಲೇ ಪಾಠ ಹೇಳಿಕೊಟ್ಟಿದ್ದ: "ದಾರ ಹರದು ಕಸ್ಗೊಂಡ ಅನ್ನು. ಅಷ್ಟ ಸಾಕು. ಇಲ್ಲಂದ್ರ ನಾ ಜೇಲಿಗೆ ಹೋಗ್ತೀನಿ, ತಿಳೀತಿಲ್ಲೋ?"

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ತಾನು ಶಿಶಿರ್‌ನ ಕೆನ್ನೆಗೆ ಹೊಡೆದದ್ದನ್ನೂ ಬಿಡಲಿಲ್ಲ.

ಮನೆಗೆ ಬಂದು ಅದನ್ನೇ ಅಣ್ಣನ ಮುಖಕ್ಕೆ ಹೇಳಿದಾಗ ಅವನ ಕೈ ಬೀಸಿ ಬಂತು. ಅವಳು ಬಾಗಿಲಿಗೆ ಬಡಿದು ಕೆಳಗೆ ಬಿದ್ದಳು. ತುಟಿ ಒಡೆಯಿತು.

"ಒಡಹುಟ್ಟಿದವನಿಗಿಂತ ಅಂವ ಹೆಚ್ಚಾದನೇನು?"

"ಖರೇ ಹೆಚ್ಚು, ಅಣ್ಣಾ. ಹೊಡದರ ಹೊಡಿ... ಇನ್ನ ಸುಳ್ಳು ಹೇಳಂಗಿಲ್ಲ ನಾ!"

ಅವಳು ಬರೀ ಕೋಟು ಎತ್ತಿಕೊಂಡು ಹೊರಬಿದ್ದಳು.

ಎಜ್‌ವೇರ್‌ನ ಫ್ಲ್ಯಾಟಿನ ಬಾಗಿಲು ತೆರೆದ ಶಿಶಿರ್ ಅವಳ ತುಟಿ ನೋಡಿ ಹೌಹಾರಿದ.

"ರಕ್ತ! ಯಾರು ಹೀಗೆ... ನಿಮ್ಮಣ್ಣ? ಪೊಲೀಸ್‌ಗೆ ಫೋನ್ ಮಾಡ್ತೀನಿ."

"ಮಾಡೂಣಂತ. ನಾನ ಹೇಳ್ತೀನಿ. ಮೊದಲ ಇದನ್ನ ಕೇಳ್ರಿ. ಕೇಸ್ ಬಿಡಬ್ಯಾಡ್ರಿ. ನಾ ಇವತ್ತ ಎಲ್ಲಾ ಹೇಳಿ ಬಂದೀನಿ. ಉಳಸಾಕ ಈಗ ಯಾರೂ ಇಲ್ಲ..." ಅವಳು ಒಡೆದ ತುಟಿ ಒರೆಸಿಕೊಂಡಳು. "ಹಂಗಾರ ನಾ ಯಾಕ ಬಂದೀನಿ? ನೀವ ಹೇಳ್ರಿ."

ಅವನ ಕಣ್ಣು ತುಂಬಿದವು.

"ನಂಗೋಸ್ಕರಾನಾ?"

"ಮೊದಲ ಎರಡು ವಾರ ಕ್ಷಮಾ ಕೇಳಾಕ ಬಂದಿದ್ದೆ. ಆಮ್ಯಾಲೆ ಎಲ್ಲಾ ನಿಮ್ಮ ಸಲುವಾಗೇ. ಒಂದ ಮಾತು ಕೇಳಬಾರದಿತ್ತೇನು?"

"ಭಯ ಆಯ್ತು ಕಣ್ರೀ... ಇಲ್ಲ ಅಂದ್ಬಿಟ್ರೆ ಅಂತ."

ಅವಳನ್ನು ಕೂರಿಸಿ, ಟವೆಲಿನಲ್ಲಿ ಐಸ್ ಸುತ್ತಿ, ಅವಳ ತುಟಿಗೆ ಮೆಲ್ಲಗೆ ಒತ್ತಿದ. ಅವಳು ಕಣ್ಣು ಮುಚ್ಚಿದಳು.

"ತುಂಬಾ ನೋಯ್ತಿದ್ಯಾ?"

"ಹೂಂ... ನೋಯ್ತದ. ಕೈ ಮಾತ್ರ ತೆಗೀಬ್ಯಾಡ್ರಿ."