ಬಿಳಿ ವ್ಯಾನಿನ ಮೇಲೊಂದು ದೂರು

ನವೆಂಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಗಿರೀಶ ಸಿಡ್ನಿಯ ಎಪ್ಪಿಂಗ್ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆಸಿದ. ಆ ದಿನ ಬೆಳಿಗ್ಗೆ ಅವನ ಅತ್ತೆ ಗೌರಕ್ಕ ಕಸದ ಬಿನ್ ಹೊರಗಿಡಲು ರಸ್ತೆಯ ಅಂಚಿಗೆ ಹೋಗಿದ್ದರು. ವೇಗವಾಗಿ ಬಂದ ಬಿಳಿ ವ್ಯಾನೊಂದು ಅವರಿಗೆ ಹೊಡೆದು, ನಿಲ್ಲಿಸದೆ ಹೋಯಿತು. ನಾನು ಸದ್ದು ಕೇಳಿ ಮನೆಯಿಂದ ಓಡಿ ಬಂದೆ, ನಂಬರ್ ಕಾಣಲಿಲ್ಲ ಎಂದ.

ಗಿರೀಶ ಚಾಟ್ಸ್‌ವುಡ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಕಾಯಂ ವಾಸಕ್ಕೆ ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದ. ಗೌರಕ್ಕ ತಿಪಟೂರಿನವರು, ವಿಸಿಟರ್ ವೀಸಾದಲ್ಲಿ ಮಗಳ ಮನೆಗೆ ಬಂದವರು. ಸೊಂಟದ ಮೂಳೆ ಮುರಿದಿತ್ತು.

ಇಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಈವೆಂಟ್ ನಂಬರ್ ಎನ್ನುತ್ತಾರೆ. ಆ ನಂಬರಿನ ಕೆಳಗೆ ತನಿಖೆ ಡಿಟೆಕ್ಟಿವ್ ಚಿನ್ಮಯಿಗೆ ಬಂತು. ಅವಳ ಅಪ್ಪ ಅಮ್ಮ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದು ಸಿಡ್ನಿಯಲ್ಲಿ. ಜೊತೆಗೆ ಕಾನ್‌ಸ್ಟೇಬಲ್ ಟ್ರಾನ್. ಬೆಳಿಗ್ಗೆ ಆಂಬುಲೆನ್ಸ್ ಹಿಂದೆಯೇ ಮೊದಲು ಸ್ಥಳಕ್ಕೆ ಹೋಗಿದ್ದವನು ಅವನೇ.

ಸಂಜೆಯೊಳಗೆ ಇಬ್ಬರೂ ಬೀದಿಯ ಮನೆಮನೆಗೂ ಹೋಗಿ ವಿಚಾರಿಸಿದರು. ಮೂರು ಮನೆ ಆಚೆಯ ಡೋರ್‌ಬೆಲ್ ಕ್ಯಾಮೆರಾದಲ್ಲಿ ಆ ಹೊತ್ತಿಗೆ ಸರಿಯಾಗಿ ಒಂದು ಬಿಳಿ ವ್ಯಾನ್ ಹಾದುಹೋದದ್ದು ಸಿಕ್ಕಿತು. ಪಕ್ಕದ ರಾಜ್ಯ ವಿಕ್ಟೋರಿಯಾದ ನಂಬರ್ ಪ್ಲೇಟ್. ಗಿರೀಶನ ಮನೆಯ ಮುಂಭಾಗ ಮಾತ್ರ ಆ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ.

ಮರುದಿನ ಚಿನ್ಮಯಿ ಆಸ್ಪತ್ರೆಗೆ ಹೋದಾಗ ಗೌರಕ್ಕನಿಗೆ ಆಪರೇಷನ್ ಆಗಿತ್ತು. ಮಗಳು ಮಧುರಾ ಪಕ್ಕದಲ್ಲಿದ್ದಳು.

"ವ್ಯಾನ್ ನೋಡಿದ್ರಾ ಆಂಟಿ?"

"ಏನೂ ನೋಡಲಿಲ್ಲ ಕಣಮ್ಮ. ತಿರುಗೋದ್ರೊಳಗೆ ಬಿದ್ದಿದ್ದೆ."

ಮಧುರಾ ಚಿನ್ಮಯಿಯನ್ನು ಬಾಗಿಲವರೆಗೆ ಕಳಿಸಲು ಬಂದಳು. "ಅವನು ಸಿಗಲೇಬೇಕು. ವಯಸ್ಸಾದವರನ್ನ ರೋಡಲ್ಲಿ ಬಿಟ್ಟು ಹೋಗ್ತಾನಲ್ಲ, ಅವನೂ ಒಬ್ಬ ಮನುಷ್ಯನಾ?"

ವ್ಯಾನ್ ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ದು ಎಂದು ಗೊತ್ತಾಯಿತು. ಓಡಿಸುವವನು ನೇಪಾಳದ ಮನೋಜ್. ಅಲ್ಲಿನ ಗೋದಾಮಿನಿಂದ ಸಿಡ್ನಿಗೆ ಪೀಠೋಪಕರಣ ತಂದು ಮನೆಗಳಿಗೆ ಇಳಿಸಿ ವಾಪಸ್ ಹೋಗುತ್ತಿದ್ದ. ಚಿನ್ಮಯಿ, ಟ್ರಾನ್ ಬೆಳಗಿನ ವಿಮಾನ ಹಿಡಿದು ಮೆಲ್ಬರ್ನ್‌ಗೆ ಹೋದರು. ಅಲ್ಲಿನ ಪೊಲೀಸರು ಗೋದಾಮಿನ ಅಂಗಳದಲ್ಲೇ ವ್ಯಾನನ್ನು ನಿಲ್ಲಿಸಿದ್ದರು. ಎಡಗಡೆ ಮುಂದಿನ ಬಂಪರ್ ನೆಗ್ಗಿತ್ತು.

"ಇದು ಹೇಗಾಯ್ತು?"

"ಇಲ್ಲೇ, ಆ ಕಂಬಕ್ಕೆ. ಹಳೇದು."

"ಎಪ್ಪಿಂಗ್‌ನಲ್ಲಿ ಆ ಬೀದಿಗೆ ಯಾಕೆ ಹೋಗಿದ್ರಿ?"

"ಹಿಂದಿನ ಬೀದಿಯಲ್ಲಿ ಒಂದು ಮಂಚ ಇಳಿಸಿದ್ದೆ."

"ಯಾರಿಗಾದರೂ ತಾಗಿತಾ?"

"ಇಲ್ಲ ಮೇಡಂ. ತಾಗಿದ್ರೆ ಗೊತ್ತಾಗಲ್ವಾ? ನಾನು ನಿಲ್ಲಿಸ್ತಿದ್ದೆ."

ವ್ಯಾನನ್ನು ಪರೀಕ್ಷೆಗೆ ವಶಪಡಿಸಿಕೊಂಡರು. ವಿಷಯ ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರಬೇಡ ಎಂದು ಮಾಲೀಕ ಅಲ್ಲೇ ನಿಂತು ಹೇಳಿದ. ಮನೋಜ್ ವಾದ ಮಾಡಲಿಲ್ಲ. ವ್ಯಾನಿನ ಸೀಟಿನಿಂದ ತನ್ನ ಊಟದ ಡಬ್ಬಿ, ನೀರಿನ ಬಾಟಲಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದ. ಅಂಗಳ ದಾಟುವವರೆಗೂ ಚಿನ್ಮಯಿ ಅವನನ್ನೇ ನೋಡುತ್ತಿದ್ದಳು.

"ಏನನ್ನಿಸುತ್ತೆ?" ಎಂದ ಟ್ರಾನ್.

"ಸುಳ್ಳು ಹೇಳೋವನು ಹೆದರಿರ್ತಾನೆ, ಇಲ್ಲಾಂದ್ರೆ ರೇಗ್ತಾನೆ. ಇವನಿಗೆ ಬೇಜಾರಾಗಿದೆ, ಅಷ್ಟೇ. ಆದರೆ ಅದನ್ನ ಕೋರ್ಟಿನಲ್ಲಿ ಹೇಳೋಕಾಗಲ್ಲ. ನಿನ್ನ ಬಾಡಿ ಕ್ಯಾಮೆರಾದ ವಿಡಿಯೋ ಇನ್ನೊಂದು ಸಲ ನೋಡೋಣ."

ಠಾಣೆಗೆ ಮರಳಿ ಇಬ್ಬರೂ ವಿಡಿಯೋ ಹಾಕಿಕೊಂಡು ಕೂತರು. ಫುಟ್‌ಪಾತಿನ ಮೇಲೆ ಮಲಗಿದ ಗೌರಕ್ಕ, ತಲೆಯ ಕೆಳಗೆ ಮಡಿಸಿಟ್ಟ ಗಿರೀಶನ ಜಾಕೆಟ್. ಡ್ರೈವ್‌ವೇಯಲ್ಲಿ ಅವನ ಹೈಬ್ರಿಡ್ ಕಾರು. ಅತ್ತೆಯನ್ನು ಆಸ್ಪತ್ರೆಗೆ ಒಯ್ಯಲೆಂದು ಕಾರು ತೆಗೆದೆ, ಅಷ್ಟರಲ್ಲಿ ಆಂಬುಲೆನ್ಸ್ ಬಂತು ಎಂದು ಅವನು ಹೇಳಿದ್ದ. ಚಿನ್ಮಯಿ ವಿಡಿಯೋ ನಿಲ್ಲಿಸಿದಳು.

"ಬಿನ್‌ಗಳನ್ನ ನೋಡು."

ಅಂದು ಕಸದ ಲಾರಿ ಬರುವ ದಿನ. ರಸ್ತೆಯ ಅಂಚಿನುದ್ದಕ್ಕೂ ಎಲ್ಲ ಮನೆಗಳ ಬಿನ್‌ಗಳು ಸಾಲಾಗಿ ನಿಂತಿದ್ದವು. ಗಿರೀಶನ ಮನೆಯದೂ ಅವುಗಳ ನಡುವೆ ನೆಟ್ಟಗಿತ್ತು. ಒಂದೂ ಉರುಳಿರಲಿಲ್ಲ, ಜರುಗಿರಲಿಲ್ಲ. ಗೌರಕ್ಕ ಬಿದ್ದದ್ದು ಆ ಸಾಲಿನ ಒಳಗಡೆ, ಮನೆಯ ಕಡೆಗೆ.

"ವ್ಯಾನ್ ಇವುಗಳಲ್ಲಿ ಒಂದನ್ನೂ ಮುಟ್ಟದೆ ಅವರನ್ನ ಹೇಗೆ ಮುಟ್ಟಿತು?" ಎಂದಳು ಚಿನ್ಮಯಿ.

ಅಷ್ಟರಿಂದ ಯಾರನ್ನೂ ಹಿಡಿಯುವಂತಿರಲಿಲ್ಲ. ಅವಳು ಮತ್ತೆ ಆಸ್ಪತ್ರೆಗೆ ಹೋದಳು. ಮಧುರಾ ಮನೆಗೆ ಹೋಗಿದ್ದಳು. ಗೌರಕ್ಕ ದಿಂಬಿಗೆ ಒರಗಿ ಕೂತಿದ್ದರು, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ಬೀಳೋಕೆ ಮುಂಚೆ ಏನ್ ಮಾಡ್ತಿದ್ರಿ ಆಂಟಿ?"

"ಮನೆ ಮುಂದಿನ ಮರದ ಆ ನೇರಳೆ ಹೂವು ಉದುರಿರುತ್ತಲ್ಲ, ಅದನ್ನ ಆಯ್ತಿದ್ದೆ. ನೆಲಕ್ಕೆ ಬಿದ್ದದ್ದು, ದೇವರಿಗಲ್ಲ. ಬಟ್ಟಲಲ್ಲಿ ನೀರು ಹಾಕಿ ಬಿಡೋಕೆ."

"ಬಗ್ಗಿದ್ರಾ?"

"ಬಗ್ಗದೆ ಹೇಗೆ ಆಯ್ಲಿ?"

"ಆವಾಗ ಏನಾದರೂ ಸದ್ದು ಕೇಳಿಸ್ತಾ?"

"ಊಂ ಅಂತ, ಶ್ರುತಿಪೆಟ್ಟಿಗೆ ಹಿಡಿದ ಹಾಗೆ. ಯಾರೋ ಪಾಠಕ್ಕೆ ಕೂತರೇನೋ ಅಂದ್ಕೊಂಡೆ..." ಗೌರಕ್ಕ ಅಲ್ಲಿಗೆ ನಿಲ್ಲಿಸಿದರು. ಚಿನ್ಮಯಿಯ ಮುಖ ನೋಡಿ, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. "ನೋವಿನ ಮಾತ್ರೆ ಕೊಟ್ಟಿದ್ದಾರೆ. ಏನೇನೋ ಮಾತಾಡ್ತೀನಿ. ಬರ್ಕೋಬೇಡಮ್ಮ."

ಬ್ಯಾಟರಿಯಲ್ಲಿ ರಿವರ್ಸ್ ಹೋಗುವಾಗ ಹೈಬ್ರಿಡ್ ಕಾರು, ಜನ ಎಚ್ಚರವಾಗಲೆಂದು, ಅಂಥ ಸದ್ದು ಮಾಡುತ್ತದೆ. ಮುಂದಕ್ಕೆ ಓಡುವ ಡೀಸೆಲ್ ವ್ಯಾನ್ ಮಾಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ವಾರಂಟ್ ತೆಗೆದುಕೊಂಡು ಗಿರೀಶನ ಮನೆಯ ಮುಂದೆ ಮಹಜರು ನಡೆಸಿದರು. ಕಾರು ಆ ನೇರಳೆ ಹೂವಿನ ಜಕರಾಂಡ ಮರದ ಕೆಳಗೇ ನಿಂತಿತ್ತು. ಮೇಲೆಲ್ಲ ಹೂವಿನ ಎಸಳು, ಧೂಳು, ಅಂಟು. ಹಿಂದಿನ ಬಂಪರಿನ ಎಡ ಮೂಲೆ ಮಾತ್ರ ಒರೆಸಿದಂತೆ ಸ್ವಚ್ಛವಾಗಿತ್ತು. ಅದೇ ಬದಿಯಲ್ಲಿ, ನಂಬರ್ ಪ್ಲೇಟಿನ ಸ್ಕ್ರೂಗೆ ಮರೂನ್ ಬಣ್ಣದ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಆಸ್ಪತ್ರೆಯಲ್ಲಿ ಗೌರಕ್ಕನ ಸ್ವೆಟರನ್ನು ಕತ್ತರಿಸಿ ತೆಗೆದು ಚೀಲದಲ್ಲಿಟ್ಟಿದ್ದರು. ಅದೂ ಮರೂನ್. ಟ್ರಾನ್ ಎಳೆಯನ್ನು ಇಕ್ಕಳದಿಂದ ತೆಗೆದು ಸೀಲ್ ಮಾಡುವುದನ್ನು ಗಿರೀಶ ವರಾಂಡದಲ್ಲಿ ನಿಂತು ನೋಡಿದ.

ಠಾಣೆಯಲ್ಲಿ ಅವನಿಗೆ ಹಕ್ಕುಗಳನ್ನು ಓದಿ ಹೇಳಿದರು. ಲಾಯರ್ ಬೇಕೇ ಎಂದು ಕೇಳಿದರು. ಬೇಡ ಎಂದ. ರೆಕಾರ್ಡಿಂಗ್ ಶುರುವಾಯಿತು.

"ಕಾರು ರಿವರ್ಸ್ ತೆಗೀತಿದ್ರಾ?"

"ಹೂಂ."

"ಕಾರಿನ ಹಿಂದಿನ ಕ್ಯಾಮೆರಾ ನೋಡಲಿಲ್ವಾ?"

"ಫೋನಲ್ಲಿ ಮೀಟಿಂಗ್ ಶುರುವಾಗಿತ್ತು. ಕಾರು ಬೀಪ್ ಬೀಪ್ ಅಂತು. ಬಿನ್‌ಗೆ ಅಂದ್ಕೊಂಡೆ."

"ಆಮೇಲೆ?"

"ಇಳಿದು ನೋಡಿದೆ. ಅತ್ತೆ." ಅವನು ಮೇಜಿನ ಮೇಲಿದ್ದ ನೀರನ್ನು ಪೂರ್ತಿ ಕುಡಿದ. "ಕೈಕಾಲು ಆಡಲಿಲ್ಲ ಮೇಡಂ. ಆವಾಗಲೇ ಒಂದು ಬಿಳಿ ವ್ಯಾನ್ ಹೋಯ್ತು. ನಿಮ್ಮವರು ಬಂದು ಏನಾಯ್ತು ಅಂದಾಗ ಬಾಯಿಗೆ ಅದೇ ಬಂತು."

"ಯಾಕೆ?"

"ವಿಸಿಟರ್ ವೀಸಾ. ಅವರಿಗೆ ಸರ್ಕಾರದ ಮೆಡಿಕೇರ್ ಚಿಕಿತ್ಸೆ ಇಲ್ಲ. ಓಡಿಹೋದ ಗಾಡಿ ಹೊಡೆದರೆ ಅದಕ್ಕೊಂದು ಫಂಡ್ ಇದೆ ಅಂತ ಯಾವಾಗಲೋ ಓದಿದ್ದೆ. ನಮ್ಮದೇ ಕಾರು, ನನ್ನದೇ ತಪ್ಪು ಅಂದ್ರೆ ಇನ್ಶೂರೆನ್ಸ್‌ನವರು ಏನೂ ಕೊಡಲ್ಲ, ಆಪರೇಷನ್ನೇ ಆಗಲ್ಲ ಅಂದ್ಕೊಂಡೆ."

ಇಂಥದ್ದನ್ನು ವಿವರಿಸುವುದು ಚಿನ್ಮಯಿಯ ಕೆಲಸವಲ್ಲ. ಆದರೂ ಹೇಳಿದಳು.

"ಕಾರಿನ ರಿಜಿಸ್ಟ್ರೇಷನ್ ಜೊತೆ ಗ್ರೀನ್ ಸ್ಲಿಪ್ ಇನ್ಶೂರೆನ್ಸ್ ತಗೊಂಡಿದ್ದೀರಲ್ಲ. ಅದು ಏಟು ಬಿದ್ದವರ ಚಿಕಿತ್ಸೆಗೆ ಇರೋದು. ತಪ್ಪು ಯಾರದು ಅಂತ ನೋಡಿ ಶುರು ಮಾಡಲ್ಲ. ತಪ್ಪು ಮಾಡಿದ ಡ್ರೈವರಿಗೇ ಏಟು ಬಿದ್ದಿದ್ರೂ ಒಂದು ವರ್ಷದವರೆಗೆ ಚಿಕಿತ್ಸೆ ಇದೆ, ದುಡಿಯೋವರಾದ್ರೆ ಸಂಬಳದ ಒಂದು ಭಾಗ ಇದೆ. ನಿಮ್ಮ ಅತ್ತೆಯದಂತೂ ಏನೂ ತಪ್ಪಿಲ್ಲ."

"ವಿಸಿಟರ್ ಆದ್ರೂ?"

"ಆದ್ರೂ. ಆಕ್ಸಿಡೆಂಟ್ ಆಗಿದ್ದು ಇಲ್ಲಿ."

"ಮನೆಯವರದೇ ಕಾರಾದ್ರೂ?"

"ಆದ್ರೂ."

"ಅಂದ್ರೆ ನಾನು ಮೊದಲೇ ನಿಜ ಹೇಳಿದ್ದಿದ್ರೆ..."

"ಆಸ್ಪತ್ರೆಯಲ್ಲಿ ಇಷ್ಟೇ ಚಿಕಿತ್ಸೆ ಆಗ್ತಿತ್ತು. ಡ್ರೈವಿಂಗ್‌ಗೆ ಒಂದು ಕೇಸ್ ಬರ್ತಿತ್ತು. ಡ್ಯಾಂಡಿನಾಂಗ್‌ನಲ್ಲಿ ಒಬ್ಬ ಮನುಷ್ಯ ಕೆಲಸ ಬಿಟ್ಟು ಮನೇಲಿ ಕೂರಬೇಕಾಗಿರಲಿಲ್ಲ."

ಗಿರೀಶ ತಲೆ ಎತ್ತಿದ. "ಯಾರು?"

"ಆ ವ್ಯಾನಿನವನು. ನಿಮ್ಮ ದೂರಿನ ಮೇಲೆ ಅವನ ವ್ಯಾನ್ ಹಿಡಿದಿಟ್ವಿ."

"ಸಿಗಲ್ಲ ಅಂದ್ಕೊಂಡಿದ್ದೆ," ಎಂದ ಗಿರೀಶ. ಕೇಳದೆಯೇ ಮತ್ತೊಂದು ಮಾತು ಹೇಳಿದ. "ದುಡ್ಡಿನ ಭಯ ಇದ್ದದ್ದು ನಿಜ. ಆದರೆ ಆವತ್ತು ಸಂಜೆ ಮಧುರಾ ಆ ವ್ಯಾನಿನವನಿಗೆ ಶಾಪ ಹಾಕ್ತಾ ಇದ್ದಳು. ಅದನ್ನ ಕೇಳಿದ ಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

ಸುಳ್ಳು ದೂರು ಕೊಟ್ಟದ್ದಕ್ಕೆ ಮತ್ತು ಅಜಾಗರೂಕತೆಯಿಂದ ಕಾರು ಓಡಿಸಿ ಗಾಯಗೊಳಿಸಿದ್ದಕ್ಕೆ ಗಿರೀಶನನ್ನು ಬಂಧಿಸಿ, ಎರಡು ಆರೋಪ ದಾಖಲಿಸಿದರು. ಸಂಜೆ ಬೇಲ್ ಸಿಕ್ಕಿತು. ವ್ಯಾನ್ ಬಿಡುಗಡೆಯ ಕಾಗದ ಮೆಲ್ಬರ್ನ್‌ಗೆ ಹೋಯಿತು. ಚಿನ್ಮಯಿ ತಾನೇ ಮನೋಜ್‌ಗೂ, ಅವನ ಮಾಲೀಕನಿಗೂ ಫೋನ್ ಮಾಡಿ ವಿಷಯ ತಿಳಿಸಿದಳು. ಮನೋಜ್ ಎಲ್ಲ ಕೇಳಿ, ಸೋಮವಾರದಿಂದ ಹೋಗಬಹುದಾ ಎಂದಷ್ಟೇ ಖಚಿತ ಮಾಡಿಕೊಂಡ.

ಮರುದಿನ ಗೌರಕ್ಕನ ಹೇಳಿಕೆ ತಿದ್ದಿ ಬರೆಸಿಕೊಳ್ಳಬೇಕಿತ್ತು. ನಿಜ ಹೊರಬಂದಿದೆ ಎಂದು ಚಿನ್ಮಯಿ ಹೋಗುವಷ್ಟರಲ್ಲಿ ಅವರು ಅರ್ಥ ಮಾಡಿಕೊಂಡಿದ್ದರು.

"ನಿಮಗೆ ಗೊತ್ತಿತ್ತಲ್ಲ ಆಂಟಿ?"

"ಬಿದ್ದಾಗ ಕಣ್ಣೆದುರಿಗೆ ಇದ್ದದ್ದೇ ನಮ್ಮ ಕಾರು. ಗೊತ್ತಾಗದೆ ಇರುತ್ತಾ?"

"ಯಾಕೆ ಹೇಳಲಿಲ್ಲ?"

"ನನ್ನ ಮೂಳೆ ಕೂಡುತ್ತೆ ಅಂದ್ರು ಡಾಕ್ಟರು. ಅವರಿಬ್ಬರ ನಡುವೆ ಮುರಿದರೆ ಯಾರು ಕೂಡಿಸ್ತಾರೆ ಅಂತ ಸುಮ್ಮನಿದ್ದೆ." ಅವರು ಕಣ್ಣು ಒರೆಸಿಕೊಂಡರು. "ಆ ವ್ಯಾನಿನ ಹುಡುಗನ ಕೆಲಸ ಹೋದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದಿದ್ರೆ ಸುಮ್ಮನಿರ್ತಿರಲಿಲ್ಲ, ಬರ್ಕೋ."

ಇದಕ್ಕೆ ಮೊದಲು, ಬೇಲ್ ಸಿಕ್ಕ ಸಂಜೆ, ಮಧುರಾ ಠಾಣೆಗೆ ಟ್ರೇನಿನಲ್ಲಿ ಬಂದಿದ್ದಳು. ಗಂಡನನ್ನು ಕರೆಸಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ನಾನು ಹೇಳಲಾ, ನೀವು ಹೇಳ್ತೀರಾ ಎಂದು ಚಿನ್ಮಯಿ ಕೇಳಿದ್ದಕ್ಕೆ ಗಿರೀಶ, ನಾನೇ ಹೇಳ್ತೀನಿ ಎಂದ.

"ವ್ಯಾನಿನವನು ಸಿಕ್ಕಿದ್ನಾ?" ಮಧುರಾ ಎದ್ದು ನಿಂತು ಕೇಳಿದಳು.

"ಅವನು ಏನೂ ಮಾಡಿಲ್ಲ ಮಧು. ಸುಮ್ಮನೆ ಹಾದುಹೋದ. ಅಮ್ಮನಿಗೆ ಹೊಡೆದದ್ದು ನಾನು."

ಅವಳು ಅವನ ಕೈಯಲ್ಲಿದ್ದ ಬೇಲ್ ಕಾಗದವನ್ನು ತೆಗೆದುಕೊಂಡು ಕೊನೆಯವರೆಗೆ ಓದಿದಳು, ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು, ಹೊರಗೆ ನಡೆದಳು. ಗಿರೀಶ ಹತ್ತು ಹೆಜ್ಜೆ ಹಿಂದೆ ಹೋದ. ಕ್ರಾಸಿಂಗ್‌ನಲ್ಲಿ ದಾಟುವ ದೀಪ ಹಸಿರಾಯಿತು. ಅವಳು ದಾಟಲಿಲ್ಲ. ಅವನು ಪಕ್ಕಕ್ಕೆ ಬರುವಷ್ಟರಲ್ಲಿ ದೀಪ ಕೆಂಪಾಗಿತ್ತು. ಇಬ್ಬರೂ ಮುಂದಿನ ಹಸಿರಿಗೆ ಕಾದು ನಿಂತರು.