ಕಂಚುಗಾರರ ಓಣಿಯ ಗಿಡುಗಗಳು

ಬಹಳ ಬಹಳ ಹಿಂದೆ, ಕೋಳಿ ಕೂಗಿದರೆ ಊರಿಗೆ ಊರೇ ಏಳುತ್ತಿದ್ದ ಕಾಲದಲ್ಲಿ, ಕಿರಣಾವತಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಮನೆಗೆ ಮನೆ ಅಂಟಿಕೊಂಡು, ಮಾಳಿಗೆಗೆ ಮಾಳಿಗೆ ತಾಗಿಕೊಂಡು, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಇಕ್ಕಟ್ಟಾದ ಒಂದು ಓಣಿ ಇತ್ತು. ಅದು ಕಂಚುಗಾರರ ಓಣಿ. ಬೆಳಗಾದರೆ ಸಾಕು, ಸುತ್ತಿಗೆಗಳ ಸದ್ದಿನಲ್ಲಿ ಅಲ್ಲಿ ಮಾತಾಡುವವರೆಲ್ಲ ಕೂಗಿಯೇ ಮಾತಾಡಬೇಕು.

ಆ ಓಣಿಯಲ್ಲಿ ಮಾಚಲೆ ಎಂಬ ಹುಡುಗಿ ಇದ್ದಳು. ತಂದೆ ತಾಯಿ ತೀರಿಕೊಂಡಿದ್ದರು. ತಂದೆ ಕಲಿಸಿದ ಕನ್ನಡಿಯ ಕಸುಬು ಮಾತ್ರ ಕೈಯಲ್ಲಿತ್ತು. ಅವಳು ಮಾಡುತ್ತಿದ್ದ ಕನ್ನಡಿಗೆ ಅಚ್ಚುಗನ್ನಡಿ ಎಂದು ಹೆಸರು. ಅಂಗೈಯಗಲದ ಆ ಕಂಚಿನ ತಗಡನ್ನು ಎದುರಿಗೆ ಹಿಡಿದು, ಉಸಿರು ಬಿಗಿಹಿಡಿದು, ಮುಚ್ಚಳ ತೆಗೆದು ಮುಚ್ಚಿದರೆ ಕಂಡದ್ದು ಕಂಡ ಹಾಗೆಯೇ ಅದರಲ್ಲಿ ನಿಲ್ಲುತ್ತಿತ್ತು. ಕೈ ನಡುಗಿತೋ, ಚಿತ್ರವೆಲ್ಲ ಕದಡಿದ ಮಜ್ಜಿಗೆ. ಮದುವೆಯವರು, ಮಗುವಿಗೆ ಹೆಸರಿಡುವವರು ಅವಳನ್ನು ಕರೆಸಿ ಅಚ್ಚು ಹಿಡಿಸುತ್ತಿದ್ದರು. ಅದರಲ್ಲೇ ಅವಳ ಹೊಟ್ಟೆ ತುಂಬುತ್ತಿತ್ತು.

ಓಣಿಯ ನಡುವೆ ಬಾವಿಯ ಪಕ್ಕ ಒಂದು ಹಳೆಯ ಬೇವಿನಮರ. ಒಂದು ಬೇಸಿಗೆ, ಬೇವು ಹೂಬಿಟ್ಟ ಹೊತ್ತಿಗೆ, ಎರಡು ಗಿಡುಗಗಳು ಎಲ್ಲಿಂದಲೋ ಬಂದು ಆ ಮರದಲ್ಲಿ ಗೂಡು ಕಟ್ಟತೊಡಗಿದವು. ಕಾಡಿನ ಹಕ್ಕಿ, ಕೆಂಪು ಕಣ್ಣು, ಬೂದು ಬೆನ್ನು. ಇಷ್ಟು ಸದ್ದಿನ ಓಣಿಯಲ್ಲಿ ಇವಕ್ಕೇನು ಕೆಲಸವೋ ಎಂದು ಮಾಚಲೆ ಮಾಳಿಗೆ ಹತ್ತಿ ನೋಡಿದಳು. ನೋಡಿದವಳು ಮತ್ತೆ ಇಳಿಯುವುದನ್ನೇ ಮರೆತಳು.

ಅಂದಿನಿಂದ ಅವಳ ಬೆಳಗುಗಳೆಲ್ಲ ಮಾಳಿಗೆಯ ಮೇಲೆಯೇ. ಮೊದಮೊದಲು ಅಚ್ಚುಗಳೆಲ್ಲ ಹಾಳು. ಒಂದರಲ್ಲಿ ಬರೀ ಬಾಲ, ಒಂದರಲ್ಲಿ ಆಗತಾನೇ ಹಾರಿಹೋದ ಹಕ್ಕಿಯ ಖಾಲಿ ಕೊಂಬೆ, ಒಂದರಲ್ಲಿ ಎದುರು ಮನೆಯವರು ಒಣಹಾಕಿದ ಪಂಚೆ. ಆಮೇಲೆ ಕಲ್ಲಿನ ಹಾಗೆ ಕೂರುವುದನ್ನು ಕಲಿತಳು. ಇರುವೆ ಕಚ್ಚಿದರೂ ಕದಲುತ್ತಿರಲಿಲ್ಲ. ಆಗ ಸಿಕ್ಕವು ನೋಡಿ ಅಚ್ಚುಗಳು. ಗಂಡು ಓತಿಕ್ಯಾತವನ್ನು ಹಿಡಿದು ತರುತ್ತಿರುವುದು. ಹೆಣ್ಣು ಅದನ್ನು ಕಿತ್ತುಕೊಂಡು ಗದರಿಸುತ್ತಿರುವುದು. ಗಂಡು ಸಪ್ಪೆ ಮೋರೆ ಹಾಕಿಕೊಂಡು ಪಕ್ಕದ ಕೊಂಬೆಗೆ ಸರಿದು ಕುಳಿತಿರುವುದು.

ಗಿಡುಗಗಳಲ್ಲಿ ಗಂಡು ಚಿಕ್ಕದು, ಹೆಣ್ಣು ದೊಡ್ಡದು. ಅಚ್ಚುಗಳನ್ನು ನೋಡಿದ ಓಣಿಯವರು ಗಂಡಿಗೆ ಸಣ್ಣಪ್ಪ ಎಂದೂ ಹೆಣ್ಣಿಗೆ ದೊಡ್ಡಮ್ಮ ಎಂದೂ ಹೆಸರಿಟ್ಟರು. "ಇವತ್ತು ಸಣ್ಣಪ್ಪ ಏನು ತಂದ?" ಎಂದು ಕೇಳದೆ ಯಾರೂ ಸುತ್ತಿಗೆ ಎತ್ತುತ್ತಿರಲಿಲ್ಲ.

ಸಿಟ್ಟಾದವಳು ಒಬ್ಬಳೇ, ಪಕ್ಕದ ಮನೆಯ ಗುಬ್ಬವ್ವ. ಕೋಳಿ ಸಾಕಿ ಬದುಕುತ್ತಿದ್ದ ಮುದುಕಿ. ಒಂದು ದಿನ ಸಣ್ಣಪ್ಪ ಅವಳ ಅಂಗಳದಿಂದ ಒಂದು ಕೋಳಿಮರಿಯನ್ನು ಎತ್ತಿಕೊಂಡು ಹೋದ. ಗುಬ್ಬವ್ವ ಉದ್ದನೆಯ ಬಿದಿರಿನ ಗಳ ಹಿಡಿದು ಮಾಳಿಗೆ ಹತ್ತಿದಳು. ಗೂಡಿದ್ದ ಕೊಂಬೆ ಅವಳ ಮಾಳಿಗೆಯ ಮೇಲಕ್ಕೇ ಚಾಚಿಕೊಂಡಿತ್ತು. ಮಾಚಲೆ ತನ್ನ ಮಾಳಿಗೆಯಿಂದ ದಾಟಿ ಬಂದು ಎದುರು ನಿಂತಳು.

"ಅಡ್ಡ ಬರಬೇಡ ಮಾಚಲೆ. ಈ ಗೂಡನ್ನು ಇವತ್ತು ಕೆಡವದಿದ್ದರೆ ನನ್ನ ಹೆಸರು ಗುಬ್ಬವ್ವ ಅಲ್ಲ."

"ಕೆಡವುವಿಯಂತೆ ಅಜ್ಜಿ. ಅದಕ್ಕೆ ಮೊದಲು ಇದೊಂದು ನೋಡು," ಎಂದು ಮಾಚಲೆ ಆ ಬೆಳಗಿನ ಅಚ್ಚನ್ನು ಅವಳ ಕೈಗಿಟ್ಟಳು.

ಗೂಡಿನಲ್ಲಿ ಹತ್ತಿಯುಂಡೆಯಂಥ ಮೂರು ಮರಿಗಳು. ದೊಡ್ಡಮ್ಮ ಮಾಂಸವನ್ನು ಎಳೆ ಎಳೆಯಾಗಿ ಹರಿದು ಎಲ್ಲಕ್ಕಿಂತ ಚಿಕ್ಕ ಮರಿಯ ಬಾಯಿಗೆ ಇಡುತ್ತಿದ್ದಳು. ಗುಬ್ಬವ್ವ ಬಹಳ ಹೊತ್ತು ನೋಡಿದಳು.

"ಕೊಕ್ಕಿನ ತುದಿಯಲ್ಲಿ ಎಷ್ಟು ಮೆಲ್ಲಗೆ ಕೊಡುತ್ತಾಳೆ ನೋಡು," ಎಂದಳು. ಗಳವನ್ನು ಗೋಡೆಗೆ ಒರಗಿಸಿದಳು. "ನನ್ನ ಮರಿ ಹೋದದ್ದು ಹೋಯಿತು. ಇನ್ನು ಮೇಲೆ ಬುಟ್ಟಿ ಕವುಚಿ ಸಾಕುತ್ತೇನೆ. ಆದರೆ ಆ ಸಣ್ಣಪ್ಪನ ಮೇಲಿನ ಸಿಟ್ಟು ಹಾಗೆಯೇ ಇದೆ, ಹೇಳಿಬಿಡು ಅವನಿಗೆ."

ಓಣಿಯ ಗಿಡುಗಗಳ ಸುದ್ದಿ ಊರೆಲ್ಲ ಹಬ್ಬಿತು. ಊರಿನಿಂದ ಕೋಟೆಗೆ ಹೋಯಿತು. ಕೋಟೆಯ ಮೂಲೆಯ ಮಹಲಿನಲ್ಲಿ ಧೂಮಕ ಎಂಬ ಮಾಂತ್ರಿಕನಿದ್ದ. ಚೆಲುವಾದದ್ದು ಕಣ್ಣಿಗೆ ಬಿದ್ದರೆ ಅದು ತನ್ನದೇ ಆಗಬೇಕು, ಬೇರೆ ಯಾರೂ ನೋಡಬಾರದು ಎನ್ನುವವನು. ಅರಮನೆಯ ನವಿಲುಗಳೂ ಅವನ ಪಾಲಾಗಿದ್ದವು. ರಾಜನಿಗೇ ಅವನೆಂದರೆ ಹೆದರಿಕೆ.

ಒಂದು ಮುಂಜಾನೆ ಧೂಮಕ ಓಣಿಗೆ ಬಂದ. ಸುತ್ತಿಗೆಗಳು ನಿಂತವು. ಅವನು ನೇರ ಮಾಚಲೆಯ ಮಾಳಿಗೆ ಹತ್ತಿ ಅಚ್ಚುಗಳನ್ನು ಒಂದೊಂದಾಗಿ ನೋಡಿದ.

"ಚೆನ್ನಾಗಿದೆ. ಆದರೆ ನೀನು ಹಿಡಿದದ್ದು ಬರೀ ನೆರಳು. ಹಕ್ಕಿ ಇನ್ನೂ ಮರದಲ್ಲೇ ಇದೆ."

"ಇರಲಿ ಸ್ವಾಮಿ. ಅದು ಅಲ್ಲಿರುವುದಕ್ಕೇ ನಾನು ಇಲ್ಲಿ ಬಂದು ಕೂರುವುದು," ಎಂದಳು ಮಾಚಲೆ.

"ಹಿಡಿಯುವುದೆಂದರೆ ಹೇಗೆ ಅಂತ ತೋರಿಸುತ್ತೇನೆ," ಎಂದು ಧೂಮಕ ತನ್ನ ನಿಲುವಂಗಿಯೊಳಗಿನಿಂದ ಒಂದು ಕರಿಗನ್ನಡಿ ತೆಗೆದು ಗೂಡಿನ ಕಡೆಗೆ ಹಿಡಿದ. ಅಷ್ಟೇ. ಮರಿಗಳ ಮೇಲೆ ರೆಕ್ಕೆ ಹರಡಿ ಕುಳಿತಿದ್ದ ದೊಡ್ಡಮ್ಮ ಅಲ್ಲಿರಲಿಲ್ಲ. ಕರಿಗನ್ನಡಿಯೊಳಗೆ ಇದ್ದಳು. ಧೂಮಕ ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಸಣ್ಣಪ್ಪ ಓತಿಕ್ಯಾತ ಹಿಡಿದು ಬಂದ. ಗೂಡಿನ ಅಂಚಿನಲ್ಲಿ ಕುಳಿತು ಕೂಗಿದ. ಕಿತ್ತುಕೊಳ್ಳುವವರು ಬರಲಿಲ್ಲ. ಬೇಟೆ ತರುವುದು ಅವನ ಕೆಲಸ, ಹರಿದು ಉಣಿಸುವುದು ಅವಳ ಕೆಲಸ. ಅವನಿಗೆ ಅದು ತಿಳಿಯದು. ಬಾಯಿ ತೆರೆದ ಮರಿಗಳನ್ನು ಒಮ್ಮೆ ನೋಡಿದ, ಓತಿಕ್ಯಾತವನ್ನು ಒಮ್ಮೆ ನೋಡಿದ. ಮತ್ತೆ ಅದನ್ನು ಹಿಡಿದುಕೊಂಡೇ ಕೂಗುತ್ತ ಹಾರಿಹೋದ.

ಮಾಚಲೆ ಎದ್ದು, ಪಕ್ಕದ ಮಾಳಿಗೆಗೆ ಬಂದು ನಿಂತಿದ್ದ ಗುಬ್ಬವ್ವನ ಕಡೆ ತಿರುಗಿದಳು. "ಅಜ್ಜಿ, ನಾನು ಮಹಲಿಗೆ ಹೋಗುತ್ತೇನೆ."

"ಅಲ್ಲಿಗೆ ಹೋದವರು ಬಂದದ್ದಿಲ್ಲ ಕಣೇ."

"ಹೋಗದಿದ್ದರೆ ಈ ಮೂರೂ ಸಾಯುತ್ತವೆ."

ಗುಬ್ಬವ್ವ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಒಳಗಿನಿಂದ ಒಂದು ತುಂಡು ಮಾಂಸ ತಂದು ಎಳೆ ಎಳೆಯಾಗಿ ಸೀಳಿದಳು. ಒಂದು ಎಳೆಯನ್ನು ಬಿದಿರಿನ ಗಳದ ತುದಿಗೆ ಸಿಕ್ಕಿಸಿ ಗೂಡಿಗೆ ಚಾಚಿದಳು. ಚಿಕ್ಕ ಮರಿ ಬಾಯಿ ಹಾಕಿತು.

"ನೀನು ಹೋಗಿ ಬಾ. ಅಲ್ಲಿಯವರೆಗೆ ನಾನು ನೋಡಿಕೊಳ್ಳುತ್ತೇನೆ. ಯಾರಿಗೂ ಹೇಳಬೇಡ, ನನ್ನ ಕೋಳಿಗಳು ನಗುತ್ತವೆ."

ಮಾಚಲೆ ಹೊರಟಳು. ತಲೆಯ ಮೇಲೆ, ಮನೆಗಳ ಸೂರು ಸವರುತ್ತ, ಸಣ್ಣಪ್ಪ ಬೀದಿ ಬೀದಿ ಹುಡುಕುತ್ತಿದ್ದ. ಉಗುರಿನಲ್ಲಿ ಓತಿಕ್ಯಾತ ಇನ್ನೂ ಇತ್ತು.

ಧೂಮಕನ ಮಹಲಿಗೆ ಕಿಟಕಿಗಳಿದ್ದವು, ಆದರೆ ಒಂದೂ ತೆರೆದಿರಲಿಲ್ಲ. ಮೊದಲನೆಯ ಬಾಗಿಲಲ್ಲಿ ಕಂಚಿನ ಹುಲಿ ಮಲಗಿತ್ತು. ಮಾಚಲೆ ಹೊಸ್ತಿಲು ದಾಟಿದಳೋ ಇಲ್ಲವೋ, ಹುಲಿ ಎದ್ದು ಗುರುಗುಟ್ಟಿತು. "ಕದಲಿದವರನ್ನು ತಿನ್ನುತ್ತೇನೆ. ಕದಲದವರನ್ನು ಕಾಯುತ್ತೇನೆ. ಇಂದಲ್ಲ ನಾಳೆ ಎಲ್ಲರೂ ಕದಲುತ್ತಾರೆ."

ಮಾಚಲೆ ನಿಂತಲ್ಲೇ ನಿಂತಳು. ಹುಲಿ ಅವಳ ಸುತ್ತ ಸುತ್ತಿತು, ಕಾಲು ಮೂಸಿತು, ಬಿಸಿಯುಸಿರನ್ನು ಮುಖಕ್ಕೆ ಬಿಟ್ಟಿತು. ಅವಳು ಮಾಳಿಗೆಯ ಮೇಲಿನ ಬೆಳಗುಗಳನ್ನು ನೆನೆಯುತ್ತ ಉಸಿರನ್ನು ಸಣ್ಣಗೆ ಎಳೆದು ಸಣ್ಣಗೆ ಬಿಟ್ಟಳು. ಕೊನೆಗೆ ಬೇಸತ್ತದ್ದು ಹುಲಿಯೇ. ಆಕಳಿಸಿ, ಮುಂಗಾಲ ಮೇಲೆ ತಲೆಯಿಟ್ಟು ನಿದ್ದೆಹೋಯಿತು. ಮಾಚಲೆ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದಳು.

ಎರಡನೆಯ ಬಾಗಿಲಲ್ಲಿ ಒಂದು ಹಾವು ಸುತ್ತಿಕೊಂಡಿತ್ತು. ಮೈ ಹಾವಿನದು, ಮುಖ ಹೆಂಗಸಿನದು.

"ನನ್ನ ಹೆಸರು ಪದುಮಲೆ. ಅರಮನೆಯಲ್ಲಿ ಹಾಡುತ್ತಿದ್ದವಳು. ಧೂಮಕ ನನ್ನನ್ನು ಹೀಗೆ ಮಾಡಿ ಈ ಕತ್ತಲಲ್ಲಿ ಕಾವಲಿಗಿಟ್ಟ. ಆಕಾಶ ಹೇಗಿರುತ್ತದೆ ಎನ್ನುವುದೇ ಮರೆತುಹೋಗಿದೆ. ನೀನು ಕಂಡದ್ದರಲ್ಲಿ ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ನನಗೆ ಕೊಟ್ಟು ಹೋಗು. ಕೊಟ್ಟ ಮೇಲೆ ಅದು ನಿನ್ನ ನೆನಪಿನಲ್ಲಿ ಇರುವುದಿಲ್ಲ. ಸುಳ್ಳು ಹೇಳಿದರೆ ನಾನು ಕಚ್ಚಲೇಬೇಕು, ಅದು ನನ್ನ ಮೇಲಿನ ಶಾಪ."

ಎಲ್ಲಕ್ಕಿಂತ ಇಷ್ಟವಾದದ್ದು ಯಾವುದೆಂದು ಮಾಚಲೆಗೆ ಗೊತ್ತಿತ್ತು. ಅದನ್ನು ಅವಳು ಅಚ್ಚು ಹಿಡಿದಿರಲಿಲ್ಲ, ಕಣ್ಣು ತುಂಬಿ ಕೈ ನಡುಗಿತ್ತು. ಆದರೂ ಕಣ್ಣು ಮುಚ್ಚಿ ಹೇಳಿದಳು. ಹೇಳುತ್ತಿದ್ದಂತೆ ಒಂದೊಂದು ಮಾತೂ ಅವಳಿಂದ ಕಳಚಿಕೊಂಡಿತು. ಕಣ್ಣು ಬಿಟ್ಟಾಗ ಎದೆಯಲ್ಲಿ ಎಲ್ಲೋ ಒಂದು ಕಡೆ ಖಾಲಿಯಾದಂತಿತ್ತು, ಏನು ಹೋಯಿತೆಂದು ತಿಳಿಯಲಿಲ್ಲ. ಪದುಮಲೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅವಳು ಸುರುಳಿ ಬಿಚ್ಚಿ ದಾರಿ ಬಿಟ್ಟಳು.

ಮೂರನೆಯ ಬಾಗಿಲ ಆಚೆ ದೊಡ್ಡ ಹಜಾರ. ನೆಲದಿಂದ ಮಾಡಿನವರೆಗೆ ಕರಿಗನ್ನಡಿಗಳು. ಪ್ರತಿಯೊಂದರಲ್ಲೂ ಒಂದು ಜೀವ. ನವಿಲು, ಗಿಳಿ, ಕೊಕ್ಕರೆ, ಜಿಂಕೆ. ಒಂದು ಇಡೀ ಗೋಡೆಯ ತುಂಬ ಗಿಡುಗಗಳು. ನಡುವೆ ದೀಪದ ಬೆಳಕಿನಲ್ಲಿ ಧೂಮಕ ಕುಳಿತಿದ್ದ.

"ಇಲ್ಲಿಯವರೆಗೆ ಬಂದೆಯಲ್ಲ, ಭೇಷ್. ನಿನ್ನ ಹಕ್ಕಿ ಇರುವ ಕನ್ನಡಿಯನ್ನು ಮುಟ್ಟು. ಸರಿಯಾದರೆ ಅದು ನಿನ್ನದು. ತಪ್ಪಿದರೆ ನೀನೂ ಈ ಗೋಡೆಯ ಮೇಲೆ."

ಮಾಚಲೆ ಒಂದೊಂದನ್ನೂ ನೋಡುತ್ತ ಹೋದಳು. ಮಂತ್ರ ಆ ಹಕ್ಕಿಗಳನ್ನು ಒಂದೇ ಅಚ್ಚಿನ ಬೊಂಬೆಗಳಂತೆ ಮಾಡಿತ್ತು. ಅದೇ ಬೂದು ಬೆನ್ನು, ಅದೇ ಕೆಂಪು ಕಣ್ಣು. ಗುರುತು ಸಿಗಲಿಲ್ಲ. "ದೊಡ್ಡಮ್ಮಾ," ಎಂದು ಮೆಲ್ಲಗೆ ಕರೆದಳು. ಒಂದು ಗರಿಯೂ ಅಲುಗಲಿಲ್ಲ.

ಆಗ ಅವಳಿಗೆ ಹೊಳೆಯಿತು. ಹೊಳೆದಾಗ ಸ್ವಲ್ಪ ನೋವೂ ಆಯಿತು. ಬೇಸಿಗೆಯುದ್ದಕ್ಕೂ ತಾನು ದೊಡ್ಡಮ್ಮನನ್ನು ನೋಡಿದ್ದಳು, ದೊಡ್ಡಮ್ಮ ತನ್ನನ್ನು ನೋಡಿರಲಿಲ್ಲ. ಈ ಹೆಸರು ಆ ಹಕ್ಕಿಗೆ ಗೊತ್ತಿಲ್ಲ. ತನ್ನ ಪ್ರೀತಿಯೂ ಗೊತ್ತಿಲ್ಲ. ತನ್ನ ದನಿಗೆ ಅದು ಯಾಕೆ ಬಂದೀತು? ಅದು ಓಗೊಡುವ ದನಿ ಲೋಕದಲ್ಲಿ ಒಂದೇ.

"ಈ ಮಸುಕಿನಲ್ಲಿ ಏನು ಕಾಣುತ್ತದೆ ಸ್ವಾಮಿ?" ಎಂದಳು. "ಒಂದು ಕಿಟಕಿ ತೆರೆಯಿರಿ. ಆಮೇಲೆ ಸೋತರೆ ನಾನೇ ಹೋಗಿ ಗೋಡೆಗೆ ನಿಲ್ಲುತ್ತೇನೆ."

ಧೂಮಕ ನಕ್ಕ. "ಸೂರ್ಯನನ್ನೇ ತಂದು ಹಿಡಿದರೂ ನಿನಗೆ ಗುರುತು ಸಿಗದು," ಎಂದು ಎದ್ದು, ತುಕ್ಕು ಹಿಡಿದ ಅಗಳಿಯನ್ನು ಎಳೆದು ಕಿಟಕಿ ತೆರೆದ.

ಬೆಳಕು ಬಂತು. ಬೆಳಕಿನ ಹಿಂದೆಯೇ, ದೂರದಿಂದ, ಎರಡು ಸ್ವರದ ಒಂದು ಕೂಗು ಬಂತು. ಸಣ್ಣಪ್ಪ ಇನ್ನೂ ಕರೆಯುತ್ತಿದ್ದ.

ಗೋಡೆಯ ಮೇಲೆ, ಕೆಳಗಿನ ಸಾಲಿನಲ್ಲಿ, ಒಂದು ಕನ್ನಡಿ ಗಡಗಡ ನಡುಗಿತು. ಮಾಚಲೆ ಓಡಿಹೋಗಿ ಅದರ ಮೇಲೆ ಅಂಗೈಯಿಟ್ಟಳು. ಕನ್ನಡಿ ಒಡೆಯಿತು. ದೊಡ್ಡಮ್ಮ ಹೊರಗೆ ಚಿಮ್ಮಿದಳು. ಚಿಮ್ಮುವ ರಭಸಕ್ಕೆ ಅವಳ ಉಗುರು ಮಾಚಲೆಯ ಮುಂಗೈಯನ್ನು ಉದ್ದಕ್ಕೆ ಸೀಳಿತು. ಹಿಂದಿರುಗಿ ನೋಡಲಿಲ್ಲ. ಗಂಡನಿಗೆ ಗದರುವ ದನಿಯಲ್ಲೇ ಕೂಗುತ್ತ ಕಿಟಕಿಯಿಂದಾಚೆ ಹಾರಿದಳು.

ಆ ಕೂಗಿಗೆ ಹಜಾರದ ಕನ್ನಡಿಗಳೆಲ್ಲ ಬಿರಿದವು. ನವಿಲುಗಳು ಧಡಧಡನೆ ನೆಲಕ್ಕಿಳಿದವು, ಗಿಳಿಗಳು ಹಸಿರು ಗಾಳಿಯಂತೆ ಸುಯ್ಯೆಂದವು, ಜಿಂಕೆಗಳು ಬಾಗಿಲಿಗೆ ನುಗ್ಗಿದವು. ಧೂಮಕನ ಬಲವೆಲ್ಲ ಹಿಡಿದಿಟ್ಟ ಆ ಜೀವಗಳದೇ ಆಗಿತ್ತು. ಒಂದೊಂದು ಹೊರಬಿದ್ದಂತೆ ಅವನು ಒಂದೊಂದು ಗೇಣು ಕುಗ್ಗಿದ. ಕೊನೆಗೆ ಅಲ್ಲಿ ಉಳಿದದ್ದು ದೊಗಲೆ ಅಂಗಿಯೊಳಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಒಬ್ಬ ಸಣ್ಣ ಮುದುಕ.

"ನೋಡಿದ್ದೆಲ್ಲ ಹಾರಿಹೋಗುತ್ತದೆ ಅಂತ ಭಯ ಇತ್ತು," ಎಂದ ಅವನು.

"ಹಾರಿಹೋಗುತ್ತದೆ ನಿಜ," ಎಂದಳು ಮಾಚಲೆ, ಮುಂಗೈಗೆ ಸೆರಗು ಸುತ್ತಿಕೊಳ್ಳುತ್ತ.

ರಾಜ ಅವನನ್ನು ಕೊಲ್ಲಿಸಲಿಲ್ಲ. ಬದುಕಿರುವವರೆಗೂ ಬೇಸಿಗೆಯಲ್ಲಿ ಊರಿನ ಮಾಳಿಗೆ ಮಾಳಿಗೆ ಹತ್ತಿ ಹಕ್ಕಿಗಳಿಗೆ ನೀರಿಡಬೇಕೆಂದು ಅಪ್ಪಣೆ ಮಾಡಿದ. ಕಂಚಿನ ಹುಲಿ ಬರೀ ಕಂಚಾಯಿತು. ಪದುಮಲೆ ಹಾವಿನ ಮೈ ಕಳಚಿ ಎದ್ದುಬಂದಳು. ಮಾಚಲೆ ಕೊಟ್ಟದ್ದನ್ನು ಹಿಂದಕ್ಕೆ ಕೊಡಲು ಅವಳಿಗೆ ಬರುತ್ತಿರಲಿಲ್ಲ, ಹೇಳಲು ಬರುತ್ತಿತ್ತು. ಓಣಿಯ ದಾರಿಯುದ್ದಕ್ಕೂ ಜೊತೆಗೆ ನಡೆಯುತ್ತ ಅವಳು ಹೇಳಿದಳು. ಎಲ್ಲಕ್ಕಿಂತ ಚಿಕ್ಕ ಮರಿ ಮೊದಲ ಸಲ ಕಣ್ಣು ಬಿಟ್ಟದ್ದು, ಬಿಟ್ಟ ಕಣ್ಣಿಗೆ ಒಂದು ಬೇವಿನ ಹೂ ಉದುರಿದ್ದು, ಅದು ಬೆಚ್ಚಿ ಹಿಂದಕ್ಕೆ ಮಗುಚಿದ್ದು. ಮಾಚಲೆ ಯಾರದೋ ಕತೆಯಂತೆ ಕೇಳಿ ಮನಸಾರೆ ನಕ್ಕಳು.

ಓಣಿಗೆ ಬಂದಾಗ ಗುಬ್ಬವ್ವ ಬಿಸಿಲಿಗೆ ಕೆಂಪಾಗಿ ಮಾಳಿಗೆಯ ಮೇಲೆಯೇ ಇದ್ದಳು. ದೊಡ್ಡಮ್ಮ ಆಗಲೇ ಗೂಡಿನಲ್ಲಿ ಕುಳಿತಿದ್ದಳು. ಪಕ್ಕದ ಕೊಂಬೆಯಲ್ಲಿ ಸಣ್ಣಪ್ಪ ಸಪ್ಪೆ ಮೋರೆ ಹಾಕಿಕೊಂಡಿದ್ದ. ಒಣಗಿಹೋದ ಓತಿಕ್ಯಾತಕ್ಕೆ ಬೈಸಿಕೊಂಡಿದ್ದನೆಂದು ಕಾಣುತ್ತದೆ.

"ಬಂದವಳೇ ನನ್ನ ಗಳಕ್ಕೇ ಕುಕ್ಕಿದಳು ಕಣೇ," ಎಂದಳು ಗುಬ್ಬವ್ವ. "ಬೆಳಗಿನಿಂದ ಉಣಿಸಿದ್ದಕ್ಕೆ ಒಂದಿಷ್ಟು ಉಪಕಾರಸ್ಮರಣೆ ಬೇಡವೇ?" ಹಾಗೆ ಹೇಳುವಾಗ ಅವಳ ಮುಖ ಮಾತ್ರ ಅರಳಿತ್ತು.

ಮೂರು ಮರಿಗಳೂ ಬೆಳೆದು, ಮಳೆಗಾಲ ಹಿಡಿಯುವ ಮೊದಲೇ ಹಾರಿದವು. ಮರುವರ್ಷ ಬೇವು ಹೂಬಿಟ್ಟಾಗ ಕಂಚುಗಾರರೆಲ್ಲ ಮರ ನೋಡಿದ್ದೇ ನೋಡಿದ್ದು, ಸಣ್ಣಪ್ಪನೂ ಇಲ್ಲ, ದೊಡ್ಡಮ್ಮನೂ ಇಲ್ಲ. ಆಮೇಲೆ ಸುದ್ದಿ ಬಂತು: ಈ ಸಲ ಗೂಡು ಕುಂಬಾರರ ಓಣಿಯ ಆಲದಮರದಲ್ಲಂತೆ. ಓಣಿಗೆ ಓಣಿಯೇ ಮುನಿಸಿಕೊಂಡಿತು. ಆದರೆ ಮುನಿಸು ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಎಲ್ಲರೂ ಶುಭ್ರವಾದ ಬಟ್ಟೆಯುಟ್ಟು, ಮಗಳನ್ನು ಕೊಟ್ಟ ಮನೆಗೆ ಹೋಗುವವರ ಹಾಗೆ, ಬುತ್ತಿ ಕಟ್ಟಿಕೊಂಡು ಹೊರಟರು. ಮುಂದೆ ಗುಬ್ಬವ್ವ, ಹಿಂದೆ ಕನ್ನಡಿ ಹಿಡಿದ ಮಾಚಲೆ, ಅವಳ ಜೊತೆ ಹಾಡುತ್ತ ಪದುಮಲೆ. ಕುಂಬಾರರು ಚಾಪೆ ಹಾಸಿ, ತಣ್ಣನೆಯ ನೀರು ಕೊಟ್ಟು, "ಬನ್ನಿ ಬನ್ನಿ, ಈಗತಾನೇ ಏನೋ ತಂದ," ಎಂದರು. ಎರಡು ಓಣಿಯವರೂ ಒತ್ತೊತ್ತಾಗಿ ಕುಳಿತು, ಕತ್ತು ನೋಯುವಷ್ಟು ಹೊತ್ತು ಮರ ನೋಡಿದರು. ಆ ಊರಿನ ಜನ ಅಂದಿನಿಂದ ಹಾಗೆಯೇ ತಲೆಯೆತ್ತಿ ನೋಡುತ್ತ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತ, ಬಹುಕಾಲ ಸುಖವಾಗಿ ಬಾಳಿದರು.